ಕೆಂಪು ಮಸಿಯ ಲೆಕ್ಕ



ಅರ್ಧವಾರ್ಷಿಕ ಪರೀಕ್ಷೆ ಮುಗಿದು, ರಜೆಯೂ ಕಳೆದು, ಶಾಲೆಯ ಬಾಗಿಲು ಮತ್ತೆ ತೆರೆದಿದೆ. ನಮ್ಮ ತಾಳವಾಡಿ ಬೆಟ್ಟದ ಸೀಮೆಯಲ್ಲಿ ಈ ದಿನಗಳ ಮಂಜು ಬೆಳಗಿನ ಪ್ರಾರ್ಥನೆಯ ಹೊತ್ತಿನವರೆಗೂ ಅಂಗಳವನ್ನು ಬಿಟ್ಟು ಕದಲುವುದಿಲ್ಲ. ಆ ಮಂಜಿನಲ್ಲಿಯೇ ತಲೆಗೆ ವಸ್ತ್ರ ಸುತ್ತಿಕೊಂಡು, ಕೈಯಲ್ಲಿ ಮಕ್ಕಳ ಪ್ರಗತಿ ಪತ್ರವನ್ನು ಹಿಡಿದುಕೊಂಡು ತಂದೆತಾಯಿಗಳು ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ ಕುಳಿತು ಆನೆ ಕಾಯ್ದು ಬಂದವರು. ಕಣ್ಣಿನಲ್ಲಿ ಇನ್ನೂ ನಿದ್ರೆ. ಆದರೂ ಕೇಳುವ ಪ್ರಶ್ನೆಯೊಂದೇ: "ಪಾಸಾ, ಫೇಲಾ, ಮೇಷ್ಟ್ರೇ?"

ಈ ಪ್ರಶ್ನೆಗೆ ಮೂವತ್ತು ವರ್ಷಗಳಿಂದಲೂ ಉತ್ತರ ಹೇಳುತ್ತ ಬಂದಿದ್ದೇವೆ. ಮೊದಲ ಹತ್ತು ವರ್ಷಗಳಲ್ಲಿ ಬಹಳ ಸುಲಭವಾಗಿ ಹೇಳುತ್ತಿದ್ದೆವು. ಈಗ ಅಷ್ಟು ಸುಲಭವಾಗಿ ಹೇಳಲಾರೆವು. ಏಕೆಂಬುದನ್ನು ಈ ತಿಂಗಳ ಅಂಕಣದಲ್ಲಿ ವಾಚಕರ ಮುಂದಿಡಬೇಕೆಂದು ತೋರಿತು. ಇದರಲ್ಲಿ ನಮ್ಮದೇ ಒಂದು ತಪ್ಪಿನ ಒಪ್ಪಿಗೆಯೂ ಉಂಟು.

ನಾವು ಶಿಕ್ಷಕ ತರಬೇತಿಯನ್ನು ಮುಗಿಸಿ ಹೊರಬಂದಾಗ ನಮ್ಮ ಜೇಬಿನಲ್ಲಿ ಎರಡು ಲೇಖನಿಗಳಿದ್ದವು. ನೀಲಿಯದು ಬರೆಯಲಿಕ್ಕೆ, ಕೆಂಪಿನದು ತಿದ್ದಲಿಕ್ಕೆ. ಉತ್ತರ ಪತ್ರಿಕೆಯನ್ನು ಬೇಗ ತಿದ್ದುವವನೇ ಸಮರ್ಥ ಶಿಕ್ಷಕನೆಂಬ ಭಾವನೆ ನಮಗಿತ್ತು. ಸರಿಯಿದ್ದರೆ ಗುರುತು, ತಪ್ಪಿದ್ದರೆ ಗೀಟು, ಕೊನೆಗೆ ಮೊತ್ತ. ಒಂದು ತರಗತಿಯ ಗಣಿತದ ಪತ್ರಿಕೆಗಳನ್ನು ಒಂದೇ ಸಂಜೆಯಲ್ಲಿ ಮುಗಿಸಿಬಿಡುತ್ತಿದ್ದೆವು.

1998ರ ಮಾತು. ನಮ್ಮ ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹೆಸರು ಬೇಡ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕನ್ನಡದ ಪಾಠವನ್ನು ತಡೆಯಿಲ್ಲದೆ ಓದುತ್ತಿದ್ದಳು. ಗಣಿತದಲ್ಲಿ ಮಾತ್ರ ಅರ್ಧವಾರ್ಷಿಕದಲ್ಲಿ 50ಕ್ಕೆ 11 ಬಂದಿತು. ನಾವು ಪ್ರಗತಿ ಪತ್ರದಲ್ಲಿ ಆ 11ರ ಸುತ್ತ ಕೆಂಪು ವೃತ್ತವನ್ನೆಳೆದು, ಷರಾ ಬರೆಯುವ ಜಾಗದಲ್ಲಿ 'ಗಣಿತದಲ್ಲಿ ತೀರ ಹಿಂದುಳಿದಿದ್ದಾಳೆ' ಎಂದು ಬರೆದೆವು. ಬರೆದದ್ದು ಸುಳ್ಳಲ್ಲವೆಂದೇ ನಂಬಿದ್ದೆವು.

ಒಂದು ವಾರ ಕಳೆದು ಅವಳ ತಂದೆ ಬಂದರು. ಸಿಟ್ಟಿನಿಂದೇನೂ ಬಂದಿರಲಿಲ್ಲ. ಅವಳ ಪುಸ್ತಕಗಳನ್ನೂ ಉತ್ತರ ಪತ್ರಿಕೆಯನ್ನೂ ನಮ್ಮ ಮೇಜಿನ ಮೇಲಿಟ್ಟು, "ಇವಳ ತಲೆಗೆ ಓದು ಅತ್ತಕಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ ಮೇಷ್ಟ್ರೇ, ಇನ್ನು ಸುಮ್ಕೆ ಯಾಕೆ ಕಳಿಸದು?" ಎಂದರು. ನಾವು ಏನೇನೋ ಹೇಳಿದೆವು. ನಮ್ಮ ಕೈಬರಹದ ಮುಂದೆ ನಮ್ಮ ಮಾತು ನಡೆಯಲಿಲ್ಲ. ಅವರು ಓದು ಬಲ್ಲವರಲ್ಲ. ಯಾರಿಂದಲೋ ಓದಿಸಿ ಕೇಳಿದ್ದರು. ಮೇಷ್ಟ್ರ ಬರಹವೆಂದ ಮೇಲೆ ಅದು ತೀರ್ಪೇ ಸರಿಯೆಂದು ಅವರ ಎಣಿಕೆ. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಕೆಲವು ವರ್ಷಗಳ ಬಳಿಕ ಬೆಟ್ಟವಿಳಿದು ಗಿರಣಿಯ ಕೆಲಸಕ್ಕೆ ಹೋದಳೆಂದು ತಿಳಿಯಿತು.

ಆ ಉತ್ತರ ಪತ್ರಿಕೆಯನ್ನು ಎಸೆಯಲು ಮನಸ್ಸು ಬಾರದೆ ನಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆವು. ಬಹುಕಾಲದ ನಂತರ ಸೇವಾನಿರತ ಶಿಕ್ಷಕರ ತರಬೇತಿಯೊಂದರಲ್ಲಿ, ಮಕ್ಕಳ ತಪ್ಪುಗಳನ್ನು ಎಣಿಸುವುದಲ್ಲ, ಓದಬೇಕು ಎಂಬ ಮಾತು ಕಿವಿಗೆ ಬಿದ್ದಿತು. ಅಮೆರಿಕದಲ್ಲಿ ಬ್ರೌನ್ ಮತ್ತು ಬರ್ಟನ್ ಎಂಬಿಬ್ಬರು ಮಕ್ಕಳ ಕಳೆಯುವ ಲೆಕ್ಕಗಳನ್ನು ಪರಿಶೀಲಿಸಿ, 1978ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟಿದ್ದರು. ಮಗು ಹೆಚ್ಚಿನ ಸಂದರ್ಭಗಳಲ್ಲಿ ಮನಬಂದಂತೆ ತಪ್ಪುವುದಿಲ್ಲ. ತಾನೇ ಕಟ್ಟಿಕೊಂಡ ಒಂದು ತಪ್ಪು ನಿಯಮವನ್ನು ಬಹು ನಿಷ್ಠೆಯಿಂದ ಪಾಲಿಸುತ್ತದೆ. ಅಂದು ಮನೆಗೆ ಬಂದು ಟ್ರಂಕನ್ನು ತೆರೆದೆವು.

402ರಲ್ಲಿ 178ನ್ನು ಕಳೆ ಎಂದರೆ ಆ ಹುಡುಗಿ 376 ಎಂದು ಬರೆದಿದ್ದಳು. 63ರಲ್ಲಿ 27 ಕಳೆದರೆ 44. 500ರಲ್ಲಿ 236 ಕಳೆದರೆ 336. 831ರಲ್ಲಿ 457 ಕಳೆದರೆ 426. ವಾಚಕರು ಒಂದು ಗಳಿಗೆ ನಿಂತು ಇವನ್ನು ನೋಡಬೇಕು. ಪ್ರತಿಯೊಂದು ಸ್ಥಾನದಲ್ಲಿಯೂ ಆಕೆ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದಾಳೆ, ದೊಡ್ಡದು ಮೇಲಿರಲಿ, ಕೆಳಗಿರಲಿ. 2ರಲ್ಲಿ 8 ಹೋಗದು. ಆದುದರಿಂದ 8ರಲ್ಲಿ 2ನ್ನು ಕಳೆದಿದ್ದಾಳೆ. 'ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು' ಎಂದು ಎರಡನೆಯ ತರಗತಿಯಲ್ಲಿ ಹೇಳಿಕೊಟ್ಟವರು ನಮ್ಮಂಥ ಮೇಷ್ಟ್ರುಗಳೇ. ಆಕೆ ಆ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಳು. ಪಕ್ಕದ ಸ್ಥಾನದಿಂದ ಹತ್ತನ್ನು ಕಡ ತರಬೇಕೆಂಬ ಸಂಗತಿ ಮಾತ್ರ ಅವಳಿಗೆ ತಲುಪಿರಲಿಲ್ಲ.

ಭಾಗಾಕಾರದಲ್ಲಿಯೂ ಅದೇ ಕಥೆ. 522ನ್ನು 9ರಿಂದ ಭಾಗಿಸುವಾಗ ಮೊದಲ ಹೆಜ್ಜೆ ಸರಿಯಾಗಿಯೇ ಇತ್ತು, ಒಂಬತ್ತೈದಲೆ 45. ಆದರೆ 52ರಲ್ಲಿ 45 ಕಳೆದರೆ 7 ಉಳಿಯಬೇಕು, ಆಕೆಗೆ 13 ಉಳಿಯಿತು. 9ಕ್ಕಿಂತ ದೊಡ್ಡದಾದ ಶೇಷವನ್ನು ಕಂಡು ಗಾಬರಿಯಾಗಿ ಅಲ್ಲಿಯೇ ನಿಲ್ಲಿಸಿದ್ದಳು. ನಾವು ಗೀಟೆಳೆದ 13 ಉತ್ತರಗಳಲ್ಲಿ 10 ಈ ಒಂದೇ ಬೇರಿನಿಂದ ಹುಟ್ಟಿದವು. ಹದಿಮೂರು ತಪ್ಪು ಮಾಡಿದವಳೆಂದು ನಾವು ತಿಳಿದವಳು ಮುಖ್ಯವಾಗಿ ಮಾಡಿದ್ದು ಒಂದೇ ತಪ್ಪು. ಹುಣಸೆ ಬೀಜಗಳನ್ನು ಹತ್ತು ಹತ್ತರ ಗಂಟು ಕಟ್ಟಿ, ಗಂಟು ಬಿಚ್ಚಿ ತೋರಿಸಿದ್ದರೆ ಒಂದು ವಾರದ ಕೆಲಸ. ಆ ಒಂದು ವಾರವನ್ನು ಕೊಡದೆ ನಾವು ಒಂದು ವೃತ್ತವನ್ನು ಎಳೆದಿದ್ದೆವು.

ಅಂದಿನಿಂದ ನಮ್ಮ ನಂಬಿಕೆ ಬದಲಾಯಿತು. ಪರೀಕ್ಷೆಯೆಂಬುದು ಮಗುವಿನ ಮೇಲೆ ನಾವು ನೀಡುವ ತೀರ್ಪಲ್ಲ. ನಮ್ಮ ಪಾಠ ಎಲ್ಲಿಯವರೆಗೆ ತಲುಪಿತೆಂದು ಮಗು ನಮಗೆ ಬರೆದು ಕಳುಹಿಸುವ ಓಲೆ. ಓಲೆಯನ್ನು ಓದದೆ ಬರೀ ಅಂಚೆಯ ಮುದ್ರೆ ಒತ್ತಿ ಹಿಂದಿರುಗಿಸುವ ಅಂಚೆಯವನನ್ನು ಯಾರು ಮೆಚ್ಚುತ್ತಾರೆ?

ಅಂಕವಾದರೂ ನಾವು ಭಾವಿಸುವಷ್ಟು ಗಟ್ಟಿಯಾದ ಅಳತೆಯೇ? ಇಂಗ್ಲೆಂಡಿನಲ್ಲಿ 1935ರಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಎಂಬವರು ಇದನ್ನು ಪರೀಕ್ಷಿಸಿ ನೋಡಿದರು. ಒಂದೇ ಅಂಕ ಪಡೆದಿದ್ದ 15 ಇತಿಹಾಸದ ಉತ್ತರ ಪತ್ರಿಕೆಗಳನ್ನು ಅನುಭವಿಗಳಾದ ಪರೀಕ್ಷಕರಿಂದ ಮತ್ತೆ ತಿದ್ದಿಸಿದರು. ವರ್ಷದ ಮೇಲೆ ಅವೇ ಪತ್ರಿಕೆಗಳನ್ನು ಅವರಲ್ಲಿ 14 ಮಂದಿಗೆ ಮತ್ತೊಮ್ಮೆ ಕೊಟ್ಟರು. ಒಟ್ಟು 210 ತೀರ್ಮಾನಗಳಲ್ಲಿ 92 ಬೇರೆಯಾದವು. ಪತ್ರಿಕೆ ಅದೇ, ತಿದ್ದುವ ಕೈಯೂ ಅದೇ. ಬದಲಾದದ್ದು ದಿನ ಮಾತ್ರ. ಈ ಹಾರ್ಟಾಗ್ ಮಹಾಶಯರು ನಮಗೆ ಹೊಸಬರಲ್ಲ. ಢಾಕಾ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿಗಳಾಗಿದ್ದವರು. 1929ರಲ್ಲಿ ಅವರ ಸಮಿತಿ ನೀಡಿದ ವರದಿಯೇ ನಮ್ಮ ದೇಶದ ಪ್ರಾಥಮಿಕ ಶಾಲೆಗಳ ಎರಡು ರೋಗಗಳನ್ನು ಎತ್ತಿ ತೋರಿಸಿದ್ದು: ಸೇರಿದ ಮಕ್ಕಳು ನಡುವೆಯೇ ಬಿಟ್ಟುಹೋಗುವುದು, ಮತ್ತು ಒಂದೇ ತರಗತಿಯಲ್ಲಿ ವರ್ಷಗಟ್ಟಲೆ ಕೊಳೆಯುವುದು. ನಮ್ಮ ಹುಡುಗಿಯನ್ನು ಮೊದಲನೆಯ ಲೆಕ್ಕಕ್ಕೆ ಸೇರಿಸಿದವರು ನಾವೇ.

ಇನ್ನು ಗಡಿಯ ಮಕ್ಕಳ ವಿಷಯ. 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ ನಮ್ಮ ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಚಾಮರಾಜನಗರ ನಮಗೆ ಹತ್ತಿರ. ಆದರೆ ನಮ್ಮ ಕಚೇರಿಗಳೆಲ್ಲ ದಿಂಬದ 27 ತಿರುವುಗಳ ಕೆಳಗೆ. 2016ರಲ್ಲಿ ತಾಳವಾಡಿಯೇ ತಾಲ್ಲೂಕಾದ ಮೇಲೆ ಕೆಲವು ಕೆಲಸಗಳಿಗೆ ಬೆಟ್ಟವಿಳಿಯುವುದು ತಪ್ಪಿದೆ. ಇಲ್ಲಿಯ ಮಗು ಮನೆಯಲ್ಲಿ ಒಂದು ಕನ್ನಡವನ್ನು ಆಡುತ್ತದೆ, ಪುಸ್ತಕದಲ್ಲಿ ಇನ್ನೊಂದು ಕನ್ನಡವನ್ನು ಓದುತ್ತದೆ, ಜೊತೆಗೆ ತಮಿಳನ್ನೂ ಇಂಗ್ಲಿಷನ್ನೂ ಕಲಿಯುತ್ತದೆ. 2006ರ ಕಾನೂನಿನಿಂದ ತಮಿಳು ಒಂದನೆಯ ತರಗತಿಯಿಂದ ಮೊದಲುಗೊಂಡು ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಯಿತು. ಹತ್ತನೆಯ ತರಗತಿಯ ತಮಿಳು ಪತ್ರಿಕೆಯಿಂದ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ವಿನಾಯಿತಿ ಬೇಕೆಂಬ ಮೊರೆ ನ್ಯಾಯಾಲಯಗಳವರೆಗೆ ಹೋಗಿ, 2023ರಲ್ಲಿ ಸುಪ್ರೀಂ ಕೋರ್ಟು ಆ ವರ್ಷದ ಮಟ್ಟಿಗೆ ವಿನಾಯಿತಿ ನೀಡಿದ್ದನ್ನು ವಾಚಕರು ಬಲ್ಲರು. ನಾವು ತಮಿಳು ಕಲಿಕೆಗೆ ವಿರೋಧಿಗಳಲ್ಲ. ಈ ನೆಲದಲ್ಲಿ ಬಾಳುವವನಿಗೆ ಆ ಭಾಷೆ ಬೇಕೇ ಬೇಕು. ನಾವು ಕೇಳುವುದಿಷ್ಟೆ: ಮಗುವಿನ ಬುದ್ಧಿಯನ್ನು ಅಳೆಯುತ್ತಿದ್ದೇವೆಯೋ, ಅದು ಹುಟ್ಟಿದ ಮನೆಯ ಮಾತನ್ನು ಅಳೆಯುತ್ತಿದ್ದೇವೆಯೋ ಎಂಬುದನ್ನು ತಿದ್ದುವವರು ಬೇರ್ಪಡಿಸಿ ನೋಡಬೇಕು.

ಕನ್ನಡ ಪತ್ರಿಕೆಯಲ್ಲಿಯೇ ಈ ತೊಡಕುಂಟು. ನಮ್ಮ ಸೀಮೆಯ ಮಾತಿನಲ್ಲಿ ಹಕಾರವಿಲ್ಲ. ಹಾಲು 'ಆಲು', ಹಸು 'ಅಸು'. ಎರಡನೆಯ ತರಗತಿಯ ಮಗು 'ಅಸು ಆಲು ಕೊಡುತ್ತದೆ' ಎಂದು ಬರೆದರೆ, ಅದು ತನ್ನ ಕಿವಿಯನ್ನು ನಂಬಿ ಬರೆದ ಪ್ರಾಮಾಣಿಕ ಬರಹ. ಮೂರನೆಯ ತರಗತಿಯಲ್ಲಿ ಅದೇ ಮಗು 'ಹಾನೆ ಬಂತು' ಎಂದು ಬರೆಯುತ್ತದೆ. ಹಿಂದೆ ನಾವು ಇದನ್ನು ಇನ್ನೂ ದೊಡ್ಡ ತಪ್ಪೆಂದು ತಿಳಿಯುತ್ತಿದ್ದೆವು. ಈಗ ಇದನ್ನು ಕಂಡರೆ ಸಂತೋಷಪಡುತ್ತೇವೆ. ಬರಹದ ಕನ್ನಡದಲ್ಲಿ ಹಕಾರವೆಂಬುದೊಂದಿದೆ, ತನ್ನ ಬಾಯಲ್ಲಿ ಅದು ಬಿಟ್ಟುಹೋಗುತ್ತದೆ ಎಂಬುದನ್ನು ಮಗು ಅರಿತಿದೆ. ಎಲ್ಲಿ ಹಾಕಬೇಕೆಂಬುದು ಮಾತ್ರ ಇನ್ನೂ ತಿಳಿದಿಲ್ಲ. 'ಅಸು'ವಿನಿಂದ 'ಹಾನೆ'ಗೆ ಬಂದ ಮಗು ಮುಂದೆ ನಡೆದಿದೆ. ಕೆಂಪು ಗೀಟು ಎರಡಕ್ಕೂ ಒಂದೇ ಸೊನ್ನೆಯನ್ನು ಕೊಡುತ್ತದೆ.

ಗಣಿತದಲ್ಲಿಯೂ ಹಾಗೆಯೇ. ಪ್ರಶ್ನೆಯಲ್ಲಿ 'ವ್ಯವಕಲನ ಮಾಡಿರಿ' ಎಂದಿದ್ದರೆ ಪೋಡಿನಿಂದ ಬರುವ ಸೋಲಿಗರ ಮಗು ಸುಮ್ಮನೆ ಕುಳಿತುಬಿಡುತ್ತದೆ. 'ಇದರಲ್ಲಿ ಇಷ್ಟು ಕಳೆದರೆ ಉಳಿದದ್ದೆಷ್ಟು ಮಗ?' ಎಂದರೆ ಬೆರಳು ಮಡಿಸಿ ಹೇಳಿಬಿಡುತ್ತದೆ. ಆ ಮಗುವಿಗೆ ತಿಳಿಯದೆ ಹೋದದ್ದು ಲೆಕ್ಕವಲ್ಲ, ಒಂದು ಸಂಸ್ಕೃತ ಶಬ್ದ. ಆ ಶಬ್ದವನ್ನೂ ಕಲಿಸೋಣ. ಆದರೆ ಶಬ್ದ ತಿಳಿಯದವನನ್ನು ಲೆಕ್ಕ ತಿಳಿಯದವನೆಂದು ಬರೆಯುವುದು ನ್ಯಾಯವಲ್ಲ.

ಹಾಗಾದರೆ ಎಲ್ಲರನ್ನೂ ತೇರ್ಗಡೆ ಮಾಡಿಬಿಡಿ ಎನ್ನುತ್ತೀರಾ ಎಂದು ಕೇಳುವವರಿದ್ದಾರೆ. 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು, ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದೆ ನಿಲ್ಲಿಸಬಾರದೆಂದೂ, ವರ್ಷವಿಡೀ ನಿರಂತರವಾಗಿ ಮೌಲ್ಯಮಾಪನ ನಡೆಯಬೇಕೆಂದೂ ಹೇಳಿತು. 2019ರಲ್ಲಿ ಅದಕ್ಕೆ ತಿದ್ದುಪಡಿ ಬಂದು, ಐದು ಮತ್ತು ಎಂಟನೆಯ ತರಗತಿಗಳಿಗೆ ಪರೀಕ್ಷೆಯಿಡಲು ರಾಜ್ಯಗಳಿಗೆ ಅವಕಾಶವಾಯಿತು. ತಮಿಳುನಾಡಿನಲ್ಲಿ ಅಂಥ ಪರೀಕ್ಷೆಯನ್ನು ಸಾರಿ, 2020ರ ಫೆಬ್ರವರಿಯಲ್ಲಿ ಕೈಬಿಟ್ಟರು. ಅದೇ ವರ್ಷ ಮಹಾಮಾರಿಯಿಂದಾಗಿ ಹತ್ತನೆಯ ತರಗತಿಯ ಪರೀಕ್ಷೆಯೇ ರದ್ದಾಗಿ ಎಲ್ಲರೂ ತೇರ್ಗಡೆಯಾದರು. ಈ ಏರಿಳಿತಗಳನ್ನೆಲ್ಲ ಕಂಡು ನಮಗೆ ತೋರಿದ್ದು ಇದು: ನಿಲ್ಲಿಸುವುದರಿಂದ ಮಗು ಕಲಿಯುವುದಿಲ್ಲ, ದಾಟಿಸುವುದರಿಂದಲೂ ಕಲಿಯುವುದಿಲ್ಲ, ಕಲಿಸುವುದರಿಂದ ಮಾತ್ರ ಕಲಿಯುತ್ತದೆ. ಓದು ಬಾರದ ಮಗುವನ್ನು ಸುಮ್ಮನೆ ಮುಂದಿನ ತರಗತಿಗೆ ಕಳುಹಿಸುವುದು ಕರುಣೆಯಲ್ಲ. ಅದೂ ಒಂದು ಬಗೆಯ ಕೈತೊಳೆದುಕೊಳ್ಳುವಿಕೆಯೇ.

ನಿರಂತರ ಮೌಲ್ಯಮಾಪನವೆಂದು ನಮಗೆ ಕೊಟ್ಟ ದಾಖಲೆಗಳ ಕಥೆಯನ್ನೂ ಮುಚ್ಚಿಡಲಾರೆವು. ಪ್ರತಿ ಮಗುವಿಗೆ ಹಲವು ಕಲಮುಗಳು, ಪ್ರತಿ ಕಲಮಿಗೆ ಒಂದು ದರ್ಜೆ. ತಪಾಸಣೆಯ ಹಿಂದಿನ ರಾತ್ರಿ ದೀಪದ ಕೆಳಗೆ ಕುಳಿತು, ಮಕ್ಕಳ ಮುಖವನ್ನು ನೆನೆಯದೆ ಅವುಗಳನ್ನು ತುಂಬಿದವರಲ್ಲಿ ನಾವೂ ಇದ್ದೇವೆ. ದಾಖಲೆ ನಿರಂತರವಾಗಿತ್ತು, ಮಾಪನ ಇರಲಿಲ್ಲ. 2022ರಿಂದ ನಡೆದಿರುವ 'ಎಣ್ಣುಂ ಎಳುತ್ತುಂ' ಯೋಜನೆಯಲ್ಲಿ ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ ಎಂದು ಅವರವರ ಕಲಿಕೆಯ ಹಂತದಂತೆ ಗುಂಪು ಮಾಡುತ್ತಾರೆ. ಎಳೆಮೊಗ್ಗು, ಮೊಗ್ಗು, ಹೂ ಎಂದರ್ಥ. ಹೆಸರುಗಳು ಚೆನ್ನಾಗಿವೆ, ಮೊಗ್ಗು ಹೂವಾಗದೆ ಫೇಲಾಯಿತೆಂದು ಯಾರೂ ಹೇಳುವುದಿಲ್ಲ. ಆದರೆ ಇಲ್ಲಿಯೂ ಗುಂಪಿನ ಹೆಸರು ಮಗುವಿನ ಹೆಸರಾಗಿಬಿಡದಂತೆ ಮೇಷ್ಟ್ರು ಎಚ್ಚರವಾಗಿರಬೇಕು.

ನಮ್ಮ ಅಜ್ಜಂದಿರು ಓದಿದ ಕೂಲಿಮಠಗಳಲ್ಲಿ ಮರಳ ಮೇಲೆ ಅಕ್ಷರ ತೀಡಿಸುತ್ತಿದ್ದರು. ಅಲ್ಲಿಯ ಬೆತ್ತವನ್ನು ನಾವು ಹೊಗಳುವವರಲ್ಲ. ಆದರೆ ಆ ಮರಳಿನಲ್ಲಿ ಒಂದು ಗುಣವಿತ್ತು. ತಪ್ಪಾದ ಕೂಡಲೇ ಅಯ್ಯನವರು ಬೆರಳು ಹಿಡಿದು ತಿದ್ದಿಸುತ್ತಿದ್ದರು. ಅಂಗೈಯಿಂದ ಸವರಿದರೆ ತಪ್ಪು ಅಳಿದುಹೋಗುತ್ತಿತ್ತು. ಇಂದಿನ ಪ್ರಗತಿ ಪತ್ರದಲ್ಲಿ ತಪ್ಪು ಅಳಿಯುವುದಿಲ್ಲ, ತಿದ್ದುವುದು ಮಾತ್ರ ಮೂರು ತಿಂಗಳು ತಡವಾಗುತ್ತದೆ.

ಈಗ ನಾವು ಶಾಲೆಯಲ್ಲಿ ಪಾಲಿಸುತ್ತಿರುವ ಕೆಲವು ನಿಯಮಗಳನ್ನು ಹೇಳುತ್ತೇವೆ. ಮೊದಲನೆಯದು, ತಪ್ಪು ಉತ್ತರಕ್ಕೆ ಗೀಟೆಳೆಯುವ ಮುನ್ನ ಮಗುವನ್ನು ಕರೆದು 'ಇದನ್ನು ಹೇಗೆ ಮಾಡಿದೆ?' ಎಂದು ಕೇಳುವುದು. ಸರಿ ಉತ್ತರಕ್ಕೂ ಆಗಾಗ ಹಾಗೆಯೇ ಕೇಳುತ್ತೇವೆ. ಪಕ್ಕದವನ ಹಲಗೆ ನೋಡಿ ಬರೆದ ಸರಿ ಉತ್ತರಕ್ಕಿಂತ ತಾನೇ ಯೋಚಿಸಿದ ತಪ್ಪು ಉತ್ತರದಲ್ಲಿ ಹೆಚ್ಚು ಹುರುಳಿರುತ್ತದೆ. ಎರಡನೆಯದು, ದಿನನಿತ್ಯದ ಬರಹಕ್ಕೆ ಅಂಕ ಹಾಕದೆ ಒಂದು ಮಾತು ಬರೆಯುವುದು. ಇಸ್ರೇಲಿನಲ್ಲಿ ರೂತ್ ಬಟ್ಲರ್ ಎಂಬಾಕೆ 1988ರಲ್ಲಿ ಪ್ರಕಟಿಸಿದ ಪರೀಕ್ಷಣವೊಂದರಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಷರಾ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಷರಾ ಮಾತ್ರ ಪಡೆದವರು ಮುಂದುವರಿದರು. ಎರಡನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡ ಕಣ್ಣು ಮಾತಿನ ಕಡೆ ಹೋಗಲಿಲ್ಲವೆಂದು ನಾವು ತಿಳಿಯುತ್ತೇವೆ. ಮೂರನೆಯದು, ಮಗುವನ್ನು ಪಕ್ಕದ ಮಗುವಿನೊಡನೆ ತೂಗದೆ, ಅದರ ನಿನ್ನೆಯೊಡನೆ ತೂಗುವುದು. ನಾಲ್ಕನೆಯದು, ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ಪ್ರಶ್ನೆಯಲ್ಲಿ ತಪ್ಪಿದರೆ, ಆ ಪ್ರಶ್ನೆಯಲ್ಲಿ ಫೇಲಾದವರು ನಾವೆಂದು ತಿಳಿದು ಪಾಠವನ್ನು ಮತ್ತೆ ಮಾಡುವುದು.

ಇದೆಲ್ಲ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಒಬ್ಬ ಮೇಷ್ಟ್ರು ಎರಡು ತರಗತಿಗಳನ್ನು ನೋಡಿಕೊಳ್ಳುವ ಶಾಲೆಯಲ್ಲಿ ಪ್ರತಿದಿನ ಪ್ರತಿ ಮಗುವಿಗೂ ಷರಾ ಬರೆಯುವುದಾಗದು. ದಿನಕ್ಕೆ ಐದು ಮಕ್ಕಳೆಂದು ಇಟ್ಟುಕೊಂಡಿದ್ದೇವೆ. ಅದೂ ತಪ್ಪುವ ದಿನಗಳಿವೆ. ಹತ್ತನೆಯ ತರಗತಿಯ ಪರೀಕ್ಷೆಯ ವಿಷಯದಲ್ಲಿಯೂ ನಮಗೆ ಭ್ರಮೆಯಿಲ್ಲ. ಅಲ್ಲಿ 100ಕ್ಕೆ 35 ಬಾರದಿದ್ದರೆ ಸತ್ಯಮಂಗಲದ ಕಾಲೇಜೂ ಇಲ್ಲ, ಚಾಮರಾಜನಗರದ ಕಾಲೇಜೂ ಇಲ್ಲ. ಬಡವರ ಮನೆಯ ಮಗುವಿಗೆ ಶಿಫಾರಸಿಲ್ಲದೆ ತೆರೆಯುವ ಬಾಗಿಲು ಅದೊಂದೇ. ಆ ಬಾಗಿಲನ್ನು ಕಿತ್ತುಹಾಕಿ ಎಂದು ನಾವು ಹೇಳುವುದಿಲ್ಲ. ಬಾಗಿಲಿನವರೆಗೆ ನಡೆಯುವ ಹತ್ತು ವರ್ಷದ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಬಾಗಿಲು ನಿಲ್ಲಿಸಬೇಡಿ ಎನ್ನುತ್ತೇವೆ.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೂ ಇಷ್ಟೆ. ಪ್ರಗತಿ ಪತ್ರ ಕೈಗೆ ಬಂದಾಗ 'ಎಷ್ಟು ಬಂತು?' ಎನ್ನುವ ಮೊದಲು 'ಏನು ಬಂತು, ಏನು ಬರಲಿಲ್ಲ?' ಎಂದು ಕೇಳಿರಿ. ಮಗು ಹೇಳದಿದ್ದರೆ ಮೇಷ್ಟ್ರನ್ನು ಕೇಳಿರಿ. ಮೇಷ್ಟ್ರಿಗೂ ಹೇಳಲಾಗದಿದ್ದರೆ ಆ ಅಂಕಕ್ಕೆ ಬೆಲೆಯಿಲ್ಲವೆಂದು ಧೈರ್ಯವಾಗಿ ತಿಳಿಯಿರಿ. ಕೆಂಪು ಮಸಿಯನ್ನು ನೋಡಿ ಮಕ್ಕಳ ಪುಸ್ತಕವನ್ನು ಅಟ್ಟಕ್ಕೆ ಏರಿಸಬೇಡಿರಿ.

ಆ ಹುಡುಗಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲವು ವರ್ಷಗಳ ಹಿಂದೆ ತನ್ನ ಮಗನನ್ನು ಸೇರಿಸಲು ನಮ್ಮ ಶಾಲೆಗೇ ಬಂದಳು. ಈಗ ಊರಲ್ಲಿ ಸಣ್ಣದೊಂದು ಅಂಗಡಿ ನಡೆಸುತ್ತಾಳೆ. ಅರ್ಜಿಯನ್ನು ತಾನೇ ಓದಿ ತುಂಬಿದಳು. ನಮಗೆ ತಡೆಯದೆ ಟ್ರಂಕಿನಲ್ಲಿದ್ದ ಪತ್ರಿಕೆಯನ್ನು ಮರುದಿನ ತಂದು ತೋರಿಸಿ, ತಪ್ಪು ನಮ್ಮದೆಂದು ಹೇಳಿದೆವು. ಆಕೆ 402, 178ರ ಲೆಕ್ಕವನ್ನು ನೋಡಿ ನಕ್ಕು, "ನೂರ ಎಪ್ಪತ್ತೆಂಟಕ್ಕೆ ಇಪ್ಪತ್ತೆರಡು ಕೊಟ್ಟರೆ ಇನ್ನೂರು, ಅಲ್ಲಿಂದ ಇನ್ನೂರ ಎರಡು. ಇನ್ನೂರ ಇಪ್ಪತ್ನಾಲ್ಕು ಅಲ್ವಾ ಸಾರ್?" ಎಂದಳು. ಅಂಗಡಿಯಲ್ಲಿ ಚಿಲ್ಲರೆ ಕೊಡುವ ಕ್ರಮ. ಕಾಗದವಿಲ್ಲ, ಲೇಖನಿಯಿಲ್ಲ, ಕಡ ತರುವ ಗೋಜೂ ಇಲ್ಲ.

ಹೊರಡುವಾಗ ಬಾಗಿಲ ಬಳಿ ನಿಂತು ಒಂದು ಮಾತು ಹೇಳಿದಳು: "ನಮ್ಮ ಮಗೀಗೆ ಲೆಕ್ಕ ಬರದೇ ಹೋದ್ರೆ ಕಾರ್ಡಲ್ಲಿ ಬರೀಬೇಡಿ ಸಾರ್. ನನ್ನ ಕರೆದು ಹೇಳಿ."

ಈ ಬಾರಿಯ ಪ್ರಗತಿ ಪತ್ರಗಳನ್ನು ಹಂಚುವ ಮೊದಲು ನಮ್ಮ ಶಿಕ್ಷಕರಿಗೆ ಆ ಮಾತನ್ನೇ ಹೇಳಿದ್ದೇವೆ. ಬರೆಯಬೇಕಾದ ಕಡೆ ಅಂಕವನ್ನು ಬರೆದಿದ್ದೇವೆ. ಅದು ಸರ್ಕಾರದ ನಿಯಮ. ಕೆಂಪು ವೃತ್ತ ಎಳೆದಿಲ್ಲ. ಕಲಿಕೆಯಲ್ಲಿ ತೊಡಕಿರುವ 9 ಮಕ್ಕಳ ಮನೆಯವರನ್ನು ಕರೆಸಿದ್ದೇವೆ. ನಾಳೆಯಿಂದ ಒಬ್ಬೊಬ್ಬರಾಗಿ ಬರುತ್ತಾರೆ. ಅಟ್ಟಣೆಯಿಂದ ಇಳಿದು ಬರುವವರಿಗೆ ಅನುಕೂಲವಾಗಲೆಂದು ಸಮಯವನ್ನು ಮಧ್ಯಾಹ್ನಕ್ಕೆ ಇಟ್ಟಿದ್ದೇವೆ.